ಅಡಿಗೊಂದು ಅಂಗುಲ

ನಮ್ಮಪ್ಪ ಹೊತ್ತು ತಂದ ನೀರನ್ನು ಊರ ಮುಂದೆ ನಿಂತು ರಾಜಾರೋಷವಾಗಿ ಕುಡಿದ ಮೊದಲ ದೊಡ್ಡ ಕುಳ ಯಾವುದು ಗೊತ್ತೆ? ಒಂದು ರೋಡಿಂಜಿನ್ನು. ಹತ್ತು ಟನ್ ತೂಕದ್ದು. ಕಡಲಾಚೆಯಿಂದ ಹಡಗಿನಲ್ಲಿ ಬಂದದ್ದು. ಅದಕ್ಕೆ ಮೈಲಿಗೆ ಗೊತ್ತಿರಲಿಲ್ಲ. ಬಾಯಾರಿಕೆ ಮಾತ್ರ ಗೊತ್ತಿತ್ತು.

ಆ ಇಂಜಿನ್ನನ್ನು ನಾನೀಗ ಮನೆಯಲ್ಲಿ ಮಾಡಿಟ್ಟಿದ್ದೇನೆ. ಅಡಿಗೆ ಒಂದು ಅಂಗುಲದ ಲೆಕ್ಕ. ಅಂದರೆ ನಿಜದ ಹನ್ನೆರಡರಲ್ಲಿ ಒಂದು ಪಾಲು. ಅಂಗಡಿಯಿಂದ ಬಿಡಿಭಾಗ ತಂದು ಜೋಡಿಸಿದ್ದಲ್ಲ. ತಗಡು, ಕೊಳವೆ, ಮೊಳೆ, ಸೈಕಲ್ ಕಡ್ಡಿ, ಗುಜರಿಯಲ್ಲಿ ಆರಿಸಿದ ಕಬ್ಬಿಣ, ಹಿತ್ತಾಳೆ. ಎರಡೂವರೆ ವರ್ಷ ಹಿಡಿಯಿತು. ನಾನು ಐ.ಟಿ.ಐ. ಕಲಿತು ಮೂವತ್ತನಾಲ್ಕು ವರ್ಷ ಲೇಥ್ ಮುಂದೆ ನಿಂತು ನಿವೃತ್ತನಾದವನು. ಕೈ ಸುಮ್ಮನಿರಲಿಲ್ಲ ಅಂತ ಶುರು ಮಾಡಿದೆ. ಆಮೇಲೆ ಅದು ಕೈಯ ಕೆಲಸವಾಗಿ ಮಾತ್ರ ಉಳಿಯಲಿಲ್ಲ.

1962. ಆಗಿನ್ನೂ ಮೈಸೂರು ರಾಜ್ಯ. ನನಗೆ ಏಳು ವರ್ಷ. ದೊಡ್ಡ ರಸ್ತೆಯಿಂದ ನಮ್ಮೂರಿಗೆ ಎರಡು ಮೈಲಿ ಜಲ್ಲಿ ರಸ್ತೆ ಮಂಜೂರಾಯಿತು. ರಸ್ತೆ ಬಂತು. ಮಾರಿಗುಡಿಯ ಮುಂದೆ ನಿಂತಿತು. ನಮ್ಮ ಕೇರಿ ಅದರಾಚೆಗೆ ಒಂದು ಫರ್ಲಾಂಗು. ಆ ಒಂದು ಫರ್ಲಾಂಗು ಕಾಗದದಲ್ಲಿ ಇರಲಿಲ್ಲ. ಆದರೆ ಎರಡು ಮೈಲಿಗೂ ಕಲ್ಲು ಒಡೆದವರು, ಹೊತ್ತವರು, ಹರಡಿದವರು, ನೀರು ಹುಯ್ದವರು ಆ ಕಾಗದದಲ್ಲಿಲ್ಲದ ಫರ್ಲಾಂಗಿನ ಆಚೆಯವರೇ.

ಅಪ್ಪನಿಗೆ ಎರಡು ಕೆಲಸ. ಒಂದು, ಅಡ್ಡೆಯ ಎರಡು ಕಡೆ ಸೀಮೆಎಣ್ಣೆ ಡಬ್ಬ ಕಟ್ಟಿಕೊಂಡು ಕೆರೆಯಿಂದ ನೀರು ತಂದು ಇಂಜಿನ್ನಿನ ಹಿಂಬದಿಯ ತೊಟ್ಟಿ ತುಂಬುವುದು. ದಿನಕ್ಕೆ ಎಷ್ಟು ಸಲ ಅಂತ ಲೆಕ್ಕವಿಲ್ಲ. ಕೆಸರು ನೀರು ಹೋದರೆ ಬಾಯ್ಲರ್ ಕೆಡುತ್ತದೆ ಅಂತ ಡ್ರೈವರ್ ಬಟ್ಟೆಯಲ್ಲಿ ಸೋಸಿಸಿ ಹುಯ್ಯಿಸುತ್ತಿದ್ದ. ಅದೇ ಕೆರೆಯ ನೀರನ್ನು ಕೂಲಿಯವರು ಸೋಸದೆ ಕುಡಿಯುತ್ತಿದ್ದರು. ಇನ್ನೊಂದು ಕೆಲಸ, ಕೆಂಪು ಬಟ್ಟೆ ಹಿಡಿದು ಇಂಜಿನ್ನಿನ ಮುಂದೆ ನಡೆಯುವುದು. ಇಂಗ್ಲೆಂಡಿನಲ್ಲಿ 1865ರ ಕಾಯಿದೆಯೇ ಇತ್ತಂತೆ: ರಸ್ತೆಯ ಮೇಲೆ ಉಗಿ ಯಂತ್ರ ಬಂದರೆ ಅರವತ್ತು ಗಜ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕು. ಅಲ್ಲಿ ಅದು ಆ ಶತಮಾನದಲ್ಲೇ ಹೋಯಿತು. ನಮ್ಮೂರಲ್ಲಿ ಆ ಕೆಂಪು ಬಟ್ಟೆ 1962ರಲ್ಲಿ ನಮ್ಮಪ್ಪನ ಕೈಗೆ ಬಂತು.

ಆ ಬಟ್ಟೆ ಕೈಯಲ್ಲಿದ್ದಷ್ಟು ಹೊತ್ತು ಅಪ್ಪ ಎತ್ತಿ ತೋರಿಸಿದರೆ ಗೌಡರ ಕಮಾನು ಗಾಡಿಯೂ ನಿಲ್ಲುತ್ತಿತ್ತು. ನಾನು ಕಣ್ಣಾರೆ ಕಂಡಿದ್ದೇನೆ. ಸಂಜೆ ಇಂಜಿನ್ನು ಆರಿಸಿ ಬಟ್ಟೆ ಮಡಿಸಿಟ್ಟ ಮೇಲೆ ಅದೇ ದಾರಿಯಲ್ಲಿ ಅದೇ ಗಾಡಿ ಬಂದರೆ ಅಪ್ಪ ಪಕ್ಕಕ್ಕೆ ಸರಿದು, ತಲೆಯ ವಸ್ತ್ರ ತೆಗೆದು ನಿಲ್ಲುತ್ತಿದ್ದ.

ಆ ಬೇಸಿಗೆ ಕೆರೆ ಒಣಗಿತು. ಇಂಜಿನ್ನು ನಿಂತಿತು. ಡ್ರೈವರ್ ಕೂಗಾಡಿದ. ಊರಿನ ದೊಡ್ಡವರು ಸೇರಿ ತೀರ್ಮಾನ ಮಾಡಿದರು. ಊರ ಬಾವಿಯಿಂದ ಊರವನೊಬ್ಬ ಸೇದಿ ಮೇಲಿನಿಂದ ಸುರಿಯುವುದು. ಅಪ್ಪ ಕೆಳಗೆ ನಿಂತು ಡಬ್ಬ ಹಿಡಿಯುವುದು. ಅಂತೂ ಇಂಜಿನ್ನಿನ ದೆಸೆಯಿಂದ ಊರ ಬಾವಿಯ ನೀರು ನಮ್ಮಪ್ಪನ ಡಬ್ಬಕ್ಕೆ ಬಿತ್ತು. ಅದೇ ಬೇಸಿಗೆ ನಮ್ಮ ಮನೆಯ ಗಡಿಗೆಗೆ ಬೀಳಲಿಲ್ಲ. ಅಸ್ಪೃಶ್ಯತೆಯನ್ನು ಅಪರಾಧವೆಂದು ಸಾರಿದ ಕಾಯಿದೆ ಬಂದು, 1955ರಿಂದ ಲೆಕ್ಕ ಹಾಕಿದರೆ, ಆಗಲೇ ಏಳು ವರ್ಷವಾಗಿತ್ತು. ನನ್ನಷ್ಟೇ ವಯಸ್ಸು ಅದಕ್ಕೆ.

ಈಗ ಇಂಜಿನ್ನಿನ ವಿಷಯ.

ಮಾದರಿ ಮಾಡಬೇಕಾದರೆ ಅಳತೆ ಬೇಕು. ಇಲ್ಲಿಗೆ ದೂರದ ಒಂದು ಪಟ್ಟಣದಲ್ಲಿ ಒಂದು ಕಚೇರಿಯ ಅಂಗಳದಲ್ಲಿ ಅಂಥದೇ ಇಂಜಿನ್ನೊಂದನ್ನು ಕಟ್ಟೆ ಕಟ್ಟಿ ನಿಲ್ಲಿಸಿದ್ದಾರೆ. ಹಿತ್ತಾಳೆಯ ಮೇಲೂ ಹಳದಿ ಬಣ್ಣ ಬಳಿದಿದ್ದಾರೆ. ನಾನು ಟೇಪು, ಕ್ಯಾಲಿಪರ್ಸು, ನೋಟ್ ಪುಸ್ತಕ ಹಿಡಿದು ಹೋದೆ. ಕಾವಲುಗಾರ ಓಡಿ ಬಂದ. 'ಗುಜರಿಗೆ ಹಾಕ್ತೀರೇನ್ರೀ?' ಅಂದ. ಇಲ್ಲಪ್ಪ, ಅಳೀತೀನಿ ಅಂದೆ. 'ಅಳೆದು?' 'ಮಾಡ್ತೀನಿ.' ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹುಚ್ಚ ಅಂದುಕೊಂಡು ಬಿಟ್ಟುಬಿಟ್ಟ. ಆರು ಭಾನುವಾರ ಹೋದೆ. ಕೊನೆಕೊನೆಗೆ ಅವನೇ ಟೇಪಿನ ತುದಿ ಹಿಡಿಯುತ್ತಿದ್ದ.

ಅವೆಲಿಂಗ್ ಅಂಡ್ ಪೋರ್ಟರ್ ಕಂಪನಿಯದು. ಇಂಗ್ಲೆಂಡಿನ ಕೆಂಟ್ ಸೀಮೆಯ ರಾಚೆಸ್ಟರ್ ಎಂಬ ಊರಲ್ಲಿ ಥಾಮಸ್ ಅವೆಲಿಂಗ್ ಅನ್ನುವವನು 1860ರ ದಶಕದಲ್ಲಿ ಉಗಿ ರೋಲರ್ ಮಾಡಲು ಶುರು ಮಾಡಿದ. ಒಕ್ಕಲುತನ ಮಾಡಿಕೊಂಡಿದ್ದವನು. ಬ್ರಿಟಿಷರ ರಸ್ತೆ ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ಅವನ ಇಂಜಿನ್ನು ಹೋಯಿತು. 1934ರಲ್ಲಿ ಕಂಪನಿ ಇನ್ನೊಂದರ ಜೊತೆ ಸೇರಿ ಅವೆಲಿಂಗ್-ಬಾರ್ಫರ್ಡ್ ಆಯಿತು. ಇಂಜಿನ್ನಿನ ಮುಂಭಾಗದಲ್ಲಿ ಮುಂಗಾಲೆತ್ತಿ ನಿಂತ ಹಿತ್ತಾಳೆ ಕುದುರೆ. ಅದರ ಕೆಳಗೆ ಇನ್ವಿಕ್ಟಾ ಅಂತ ಬರೆದಿರುತ್ತದೆ. ಲ್ಯಾಟಿನ್ ಮಾತು. ಸೋಲಿಲ್ಲದ್ದು ಅಂತ ಅರ್ಥ. ಅಪ್ಪನಿಗೆ ಅದನ್ನು ಯಾರೂ ಓದಿ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ಆ ಕುದುರೆಯನ್ನು ತಿಕ್ಕಿ ಬೆಳಗುತ್ತಿದ್ದವನು ಮಾತ್ರ ಅವನೇ.

ಅಳೆಯುತ್ತ ಹೋದಂತೆ ಯಂತ್ರದ ಬುದ್ಧಿ ತಿಳಿಯುತ್ತ ಹೋಯಿತು. ಸಿಲಿಂಡರು ಬಾಯ್ಲರಿನ ಬೆನ್ನ ಮೇಲೆ ಮುಂದುಗಡೆ. ಕ್ರ್ಯಾಂಕು ಹಿಂದುಗಡೆ ಒಲೆಯ ಮೇಲೆ. ಒಲೆಯ ಅಕ್ಕಪಕ್ಕದ ತಗಡನ್ನೇ ಮೇಲಕ್ಕೆ ಬೆಳೆಸಿ ಕ್ರ್ಯಾಂಕಿನ ಬೇರಿಂಗು ಅದರ ಮೇಲೆ ಕೂರಿಸಿದ್ದಾರೆ. 1870ರಲ್ಲಿ ಅವೆಲಿಂಗ್ ಕಂಡುಕೊಂಡ ಉಪಾಯ ಅದು. ಮುಂದಿನ ರೋಲು ನೋಡಲು ಒಂದೇ, ನಿಜಕ್ಕೂ ಎರಡು ತುಂಡು. ನಾನು ಮೊದಲು ಅದನ್ನು ಒಂದೇ ಉರುಳೆಯಾಗಿ ಕಡೆದೆ. ನೆಲದ ಮೇಲೆ ತಿರುಗಿಸಿದರೆ ಉರುಳದೆ ಕೆರೆಯಿತು. ಎರಡು ಮಾಡಿ ಒಂದೇ ಇರುಸಿಗೆ ಹಾಕಿದೆ. ತಿರುವಿನಲ್ಲಿ ಒಂದು ಮುಂದಕ್ಕೆ, ಒಂದು ಹಿಂದಕ್ಕೆ ತನ್ನಷ್ಟಕ್ಕೆ ಉರುಳಿತು. ಹಿಂದಿನ ಎರಡು ಗಾಲಿ ಮುಂದಿನ ರೋಲಿನ ಅಂಚನ್ನು ಸ್ವಲ್ಪ ತುಳಿದೇ ಹೋಗುತ್ತವೆ. ನಡುವೆ ಒಂದು ಗೆರೆಯಷ್ಟು ಜಾಗವೂ ತುಳಿಯದೆ ಉಳಿಯಬಾರದು ಅಂತ.

ಹಿಂದಿನ ಗಾಲಿ ಐದೂವರೆ ಅಡಿ. ಅಪ್ಪನಷ್ಟೇ ಎತ್ತರ. ನನ್ನ ಲೆಕ್ಕದಲ್ಲಿ ಐದೂವರೆ ಅಂಗುಲ. ದಪ್ಪ ಪಟ್ಟಿಯನ್ನು ಬಗ್ಗಿಸಿ, ಬೆಸೆದು, ಲೇಥ್‌ನಲ್ಲಿ ಸಾಪು ಮಾಡಿದೆ. ಬಾಯ್ಲರಿಗೆ ಎರಡೂವರೆ ಅಂಗುಲದ ನೀರಿನ ಪೈಪು. ಹೊಗೆಕೊಳವೆಗೆ ಹಳೇ ಸೈಕಲ್ಲಿನ ಹ್ಯಾಂಡಲ್. ಚಾವಣಿಯ ಕಂಬಗಳಿಗೆ ಸೈಕಲ್ ಕಡ್ಡಿ. ಚಾವಣಿಗೆ ಎಣ್ಣೆ ಡಬ್ಬದ ತಗಡು. ರಿವೆಟ್ಟುಗಳಿಗೆ ಬಹಳ ಪರದಾಡಿದೆ. ಕೊನೆಗೆ ಪೇಟೆ ಬೀದಿಯಲ್ಲಿ ಚಪ್ಪಲಿ ಹೊಲಿಯುವ ನಮ್ಮ ಬಳಗದ ಒಬ್ಬರ ಪೆಟ್ಟಿಗೆಯಲ್ಲಿ ಸಿಕ್ಕಿತು. ಅಟ್ಟೆಗೆ ಹೊಡೆಯುವ ಸಣ್ಣ ಮೊಳೆ. ತಲೆಯ ಅಗಲ ಹೆಚ್ಚುಕಡಿಮೆ ಸರಿಹೋಯಿತು. ನಾಲ್ಕು ನೂರಕ್ಕೂ ಹೆಚ್ಚು ಮೊಳೆ ಕೂರಿಸಿದೆ. ಹಲ್ಲಿನ ಚಕ್ರಗಳಿಗೆ ಗೋಡೆ ಗಡಿಯಾರ ಬಿಚ್ಚಿದೆ. ಹಲ್ಲು ತೀರಾ ಸಣ್ಣ, ಬಾಚಣಿಗೆ ಹಾಗೆ. ಇಂಜಿನ್ನಿಗೆ ಒಪ್ಪಲಿಲ್ಲ. ಎಸೆದು, ಹಿತ್ತಾಳೆ ಬಿಲ್ಲೆಗೆ ಗುರುತು ಹಾಕಿ, ಒಂದೊಂದೇ ಹಲ್ಲನ್ನು ಅರದಿಂದ ಉಜ್ಜಿದೆ. ಒಂದು ಚಕ್ರಕ್ಕೆ ಹದಿನೈದು ದಿನ. ಬೆಂಕಿ ಹಾಕಿ ಓಡಿಸುವ ಇಂಜಿನ್ನಲ್ಲ ಇದು. ಕೈಯಲ್ಲಿ ತಳ್ಳಿದರೆ ಗಾಲಿ ತಿರುಗುತ್ತದೆ, ಗಾಲಿ ತಿರುಗಿದರೆ ಕ್ರ್ಯಾಂಕು ತಿರುಗುತ್ತದೆ, ಪಿಸ್ಟನ್ ಹೋಗಿ ಬರುತ್ತದೆ. ಮೊದಲ ಸಲ ಅದು ಹೋಗಿ ಬಂದಾಗ ನಾನೊಬ್ಬನೇ ಇದ್ದೆ. ಚಪ್ಪಾಳೆ ತಟ್ಟಿಬಿಟ್ಟೆ.

ಇಂಗ್ಲೆಂಡಿನಲ್ಲಿ ಇದು ದೊಡ್ಡ ಹವ್ಯಾಸ. 1898ರಲ್ಲೇ ಮಾಡೆಲ್ ಇಂಜಿನಿಯರ್ ಅಂತ ಪತ್ರಿಕೆ ಶುರುವಾಗಿದೆ. ಒಂದೊಂದು ಬೋಲ್ಟಿಗೂ ನಕ್ಷೆ ಸಿಗುತ್ತದೆ. ಯಾರೋ ಒಬ್ಬರು ನನಗೂ ಕೆಲವು ನಕ್ಷೆ ತರಿಸಿಕೊಟ್ಟರು. ರಾತ್ರಿಯೆಲ್ಲ ನೋಡಿದೆ. ಯಂತ್ರದ ಮೂಳೆ ಮೂಳೆಯೂ ಇದೆ. ಅದಕ್ಕೆ ನೀರು ತಂದವನ ಅಡ್ಡೆಯ ನಕ್ಷೆ ಇಲ್ಲ. ಅದರ ಗಾಲಿ ತುಳಿದ ಕಲ್ಲನ್ನು ಒಡೆದ ಸುತ್ತಿಗೆಯ ನಕ್ಷೆ ಇಲ್ಲ. ಕೇಳಿದರೆ ಏನನ್ನುತ್ತಾರೆ? ಅದು ಯಂತ್ರದ ಭಾಗ ಅಲ್ಲ ಅನ್ನುತ್ತಾರೆ. ಹೌದೇ? ನೀರಿಲ್ಲದೆ ಆ ಯಂತ್ರ ಒಂದು ಗೇಣು ಮುಂದೆ ಹೋಗುತ್ತದೆಯೇ?

ಅಂದು ರಾತ್ರಿಯೇ ನನ್ನ ಕೆಲಸ ಇನ್ನೂ ಅರ್ಧವಾಗಿಲ್ಲ ಅಂತ ತಿಳಿಯಿತು.

ಮೊದಲು ಡಬ್ಬ ಮಾಡಿದೆ. ನಾಲ್ಕು ಗ್ಯಾಲನ್ನಿನ ಸೀಮೆಎಣ್ಣೆ ಡಬ್ಬ, ಹದಿನೆಂಟು ಲೀಟರು. ನನ್ನ ಲೆಕ್ಕದಲ್ಲಿ ಮುಕ್ಕಾಲು ಅಂಗುಲ ಅಗಲ, ಒಂದು ಅಂಗುಲದ ಮೇಲೆ ಚೂರು ಎತ್ತರ. ಅದರಲ್ಲಿ ಎಷ್ಟು ನೀರು ಹಿಡಿಯುತ್ತದೆ ಅಂತ ಲೆಕ್ಕ ಹಾಕಿದೆ. ಉದ್ದ ಹನ್ನೆರಡರಲ್ಲಿ ಒಂದಾದರೆ ಪರಿಮಾಣ 1,728ರಲ್ಲಿ ಒಂದು. ಹನ್ನೆರಡನ್ನು ಮೂರು ಸಲ ಗುಣಿಸಿ ನೋಡಿ. ಹದಿನೆಂಟು ಲೀಟರು ಹತ್ತು ಮಿಲಿಲೀಟರಾಗುತ್ತದೆ. ಕೆಮ್ಮಿನ ಔಷಧಿಯ ಮುಚ್ಚಳದಷ್ಟು. ಹತ್ತು ಟನ್ ಇಂಜಿನ್ನು ಆರು ಕೆ.ಜಿ.ಗೂ ಕಡಿಮೆಯಾಗಬೇಕು. ನನ್ನದು ಏಳು ತೂಗುತ್ತದೆ, ಅಲ್ಲಲ್ಲಿ ಟೊಳ್ಳಿರಬೇಕಾದ ಕಡೆ ಗಟ್ಟಿ ಇಟ್ಟಿದ್ದೇನೆ. ಅವ್ವ ತಲೆಯ ಮೇಲೆ ಹೊತ್ತ ಜಲ್ಲಿ ಮಂಕರಿ 20 ಕೆ.ಜಿ. ಅಂದುಕೊಂಡರೆ ಇಲ್ಲಿ ಅದು 12 ಗ್ರಾಂ ಕೂಡ ಇಲ್ಲ. ಲೆಕ್ಕ ಸರಿಯಾಗಿದೆ. ಆದರೆ ಅವ್ವನ ಕತ್ತಿನ ಹಿಂದೆ ಈಗಲೂ ಒಂದು ಗಂಟು ಇದೆ. ಅದು ಯಾವ ಲೆಕ್ಕದಲ್ಲೂ ಕರಗುವುದಿಲ್ಲ.

ಅವ್ವನಿಗೆ ಈಗ ತೊಂಬತ್ತರ ಹತ್ತಿರ. ಅಪ್ಪ 1984ರಲ್ಲೇ ಹೋದ. ಇಷ್ಟು ದಿನ ನನ್ನ ಕುಟ್ಟಾಟ ಕೆರೆದಾಟ ನೋಡಿಯೂ ನೋಡದ ಹಾಗಿದ್ದಳು. ನಾನು ಹಲಗೆಯ ಮೇಲೆ ರಸ್ತೆ ಮಾಡಿ ಜಲ್ಲಿ ಹರಡಿದ ದಿನ ಎದ್ದು ಬಂದಳು. ಎರಡು ಅಂಗುಲದ ಜಲ್ಲಿ ನನ್ನ ಲೆಕ್ಕದಲ್ಲಿ ನಾಲ್ಕು ಮಿಲಿಮೀಟರು. ಹೊಳೆಯ ಮರಳನ್ನು ಜರಡಿ ಹಿಡಿದು ದಪ್ಪ ಕಾಳು ಆರಿಸಿ ಹಾಕಿದ್ದೆ. ಅವ್ವ ಬಗ್ಗಿ ಎರಡು ಬೆರಳಲ್ಲಿ ಎತ್ತಿಕೊಂಡು ಹೊಸಕಿ ನೋಡಿದಳು.

'ಇವೇನ್ಲಾ ಮಗ, ಹುಳ್ಳಿಕಾಳಾ?'

'ಜಲ್ಲಿ ಕನವ್ವ.'

'ಯಾವನ್ಲಾ ಹೇಳ್ದೋನು ಇದ್ನ ಜಲ್ಲಿ ಅಂತ? ಇವು ಹೊಳೆ ಕಲ್ಲು. ನೀರ್ನಾಗೆ ಉಳ್ಡಿ ಉಳ್ಡಿ ನುಣ್ಣಗಾಗವೆ. ಒಂದ್ಕೊಂದು ಕಚ್ಕಂಡು ಕೂರಾಕಿಲ್ಲ. ಗಾಲಿ ಹತ್ತುತ್ಲೂವೆ ಅತ್ಲಾಗಿತ್ಲಾಗೆ ಓಡೋಗ್ತವೆ. ಒಡ್ದ ಕಲ್ಗೆ ಮೂಲೆ ಇರ್ತದೆ. ಮೂಲೆಗೆ ಮೂಲೆ ಕಚ್ಕಂಡ್ರೇನೆ ಅದು ರೋಡು.'

ನಾನು ಸುಮ್ಮನೆ ಕೂತೆ. ಜಾನ್ ಲೌಡನ್ ಮೆಕ್ ಆಡಂ ಎಂಬ ಸ್ಕಾಟ್ಲೆಂಡಿನವನು ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಲೋಕಕ್ಕೆ ಹೇಳಿದ್ದು ಇದನ್ನೇ. ಒಡೆದ ಕಲ್ಲು, ಚೂಪು ಮೂಲೆಯದು, ಒಂದೊಂದು ಆರು ಔನ್ಸು ಮೀರಬಾರದು. ಅವು ಒಂದನ್ನೊಂದು ಕಚ್ಚಿ ಹಿಡಿದರೆ ಸಾಕು, ಕೆಳಗೆ ದೊಡ್ಡ ಬಂಡೆಯ ತಳಪಾಯ ಬೇಡ. 1836ರಲ್ಲಿ ಸತ್ತವನ ಹೆಸರು ಇವತ್ತಿಗೂ ರಸ್ತೆಗೆ ಅಂಟಿಕೊಂಡಿದೆ, ಇಂಜಿನಿಯರ ಮಕ್ಕಳು ಅದನ್ನು ಓದಿ ಪಾಸಾಗುತ್ತಾರೆ. ಅವ್ವ ಅದನ್ನು ಓದಿಲ್ಲ. ಸಾವಿರಾರು ಕಲ್ಲು ಒಡೆದು ಕಲಿತಿದ್ದಾಳೆ. ಕನಿಷ್ಠ ಕೂಲಿಯ ಕಾಯಿದೆ 1948ರದು. ಅದರ ಪಟ್ಟಿಯಲ್ಲಿ ರಸ್ತೆ ಕೆಲಸವೂ ಇತ್ತು, ಕಲ್ಲು ಒಡೆಯುವ ಕೆಲಸವೂ ಹೆಸರು ಹಿಡಿದು ಇತ್ತು. ಆದರೂ ಅವ್ವನಿಗೆ ಕೂಲಿ ಪೆಟ್ಟಿಗೆ ಲೆಕ್ಕ. ಪೆಟ್ಟಿಗೆ ತುಂಬಿತು ಅಂತ ಹೇಳುವವನು ಮೇಸ್ತ್ರಿ. ಅವನು ಕಾಲಿನಿಂದ ಒಂದು ಸಲ ಒದೆಯುತ್ತಿದ್ದ, ಜಲ್ಲಿ ಕುಸಿಯುತ್ತಿತ್ತು, 'ಇನ್ನೂ ಹಾಕು' ಅನ್ನುತ್ತಿದ್ದ.

'ಸುತ್ಗೆ ತಕ್ಕಬಾ' ಅಂದಳು ಅವ್ವ. ನನ್ನ ಸಣ್ಣ ಸುತ್ತಿಗೆ ಕೊಟ್ಟೆ. ಹಿತ್ತಲಿನ ಕಲ್ಲಿನ ಚೂರು ತಂದು, ಹಳೇ ಬಟ್ಟೆಯನ್ನು ಸಿಂಬಿಯ ಹಾಗೆ ಸುತ್ತಿ ನೆಲದ ಮೇಲಿಟ್ಟು, ನಡುವೆ ಕಲ್ಲು ಇಟ್ಟಳು. ಚೂರು ಸಿಡಿದು ಕಣ್ಣಿಗೆ ಬೀಳದಿರಲಿ ಅಂತ. ಬೆರಳಿಗೆ ಚಿಂದಿ ಸುತ್ತಿಕೊಂಡಳು. ಲೋಟ ಹಿಡಿದರೆ ನಡುಗುವ ಕೈ. ಸುತ್ತಿಗೆ ಹಿಡಿದಾಗ ನಡುಗಲಿಲ್ಲ. ಕಲ್ಲನ್ನು ಒಂದು ಸಲ ತಿರುಗಿಸಿ ನೋಡುತ್ತಾಳೆ, ಅದರ ಎಳೆ ಎಲ್ಲಿದೆ ಅಂತ. ಒಂದೇ ಪೆಟ್ಟು. ಎರಡು ಮಧ್ಯಾಹ್ನ ಕೂತು ಒಂದು ಬಟ್ಟಲು ಜಲ್ಲಿ ಮಾಡಿಕೊಟ್ಟಳು. ಕ್ಯಾಲಿಪರ್ಸ್ ಇಟ್ಟು ನೋಡಿದೆ. ನಾಲ್ಕು, ನಾಲ್ಕು, ನಾಲ್ಕೂವರೆ, ನಾಲ್ಕು. ಮೂವತ್ತನಾಲ್ಕು ವರ್ಷ ಲೇಥ್ ಓಡಿಸಿದವನು ಹೇಳುತ್ತೇನೆ, ನನ್ನ ಮಾದರಿಯಲ್ಲಿ ಅತಿ ಕರಾರುವಾಕ್ಕಾದ ಭಾಗ ಅದು.

ಹರಡಿದ ಮೇಲೂ ಬಿಡಲಿಲ್ಲ. ಅಂಚಿನಿಂದ ನಡುವಿಗೆ ಉರುಳಿಸು ಅಂದಳು, ನಡುವಿಂದ ಶುರು ಮಾಡಿದರೆ ರಸ್ತೆಯ ಬೆನ್ನು ಮುರಿಯುತ್ತದೆ. ಮೊದಲು ಒಣಗಿದ್ದಾಗ ಉರುಳಿಸು. ಆಮೇಲೆ ಕಲ್ಲುಪುಡಿ, ಆಮೇಲೆ ನೀರು, ಆಮೇಲೆ ಕೆಮ್ಮಣ್ಣು. ಹೇಳಿದ ಹಾಗೆ ಮಾಡಿದೆ. ಏಳು ಕೆ.ಜಿ. ಇಂಜಿನ್ನಿನ ಕೆಳಗೆ ಅವ್ವನ ಜಲ್ಲಿ ಕರಕರ ಅಂತ ಕಚ್ಚಿಕೊಂಡಿತು. ಒಂದೂ ಓಡಲಿಲ್ಲ.

ಆಮೇಲೆ ಅವ್ವ ಕೇಳಿದಳು: 'ಗಡ್ಗೆ ಎಲ್ಲಿ?'

ಕುಡಿಯುವ ನೀರಿನ ಗಡಿಗೆ. ಕೆಲಸದ ಜಾಗದಲ್ಲಿ ಎರಡು ಇದ್ದವು. ಒಂದು ಡ್ರೈವರ್, ಮೇಸ್ತ್ರಿ, ಓವರ್ಸಿಯರ್ ಮತ್ತು ಊರಿನ ಕೂಲಿಗಳದು, ಹೊಂಗೆ ಮರದ ನೆರಳಲ್ಲಿ. ಇನ್ನೊಂದು ನಮ್ಮದು, ಬಿಸಿಲಲ್ಲಿ. ಎಷ್ಟು ದೂರ ಇತ್ತವ್ವಾ ಅಂದೆ. ಅವ್ವ ಯೋಚಿಸಲೇ ಇಲ್ಲ. 'ಎಂಟು ಮಾರು' ಅಂದಳು. ಮೇಸ್ತ್ರಿಯೇ ಅಳೆದು ಇಡಿಸಿದ್ದನಂತೆ.

ಎಂಟು ಮಾರು ಅಂದರೆ ನಲವತ್ತೆಂಟು ಅಡಿ. ನನ್ನ ಲೆಕ್ಕದಲ್ಲಿ ನಲವತ್ತೆಂಟು ಅಂಗುಲ, ಪೂರಾ ನಾಲ್ಕು ಅಡಿ. ನನ್ನ ಇಂಜಿನ್ನು ಒಂದೂವರೆ ಅಡಿ. ಹಲಗೆ ಎರಡೂವರೆ ಅಡಿ. ಗಡಿಗೆ ಎರಡೂ ಹಲಗೆಯ ಮೇಲೆ ಹಿಡಿಯಲಿಲ್ಲ. ಬಡಗಿಯ ಹತ್ತಿರ ಹೋಗಿ ಹಲಗೆಯನ್ನು ಐದೂವರೆ ಅಡಿ ಮಾಡಿಸಿಕೊಂಡು ಬಂದೆ. ಈಗ ನೋಡಿದವರಿಗೆ ಮೊದಲು ಕಾಣುವುದು ಇಂಜಿನ್ನಲ್ಲ. ಆ ಖಾಲಿ ಜಾಗ.

ಹೋದ ವರ್ಷ ಪಟ್ಟಣದ ಒಂದು ವಸ್ತುಪ್ರದರ್ಶನದವರು ಬಂದರು. ಇಂಜಿನ್ನು ನೋಡಿ ಬಾಯಿ ತುಂಬ ಹೊಗಳಿದರು. ಕುದುರೆಯನ್ನು ಫೋಟೋ ತೆಗೆದುಕೊಂಡರು. ಆಮೇಲೆ ಒಬ್ಬರು ನಯವಾಗಿ ಹೇಳಿದರು: 'ಇಷ್ಟುದ್ದ ಹಲಗೆ ನಮ್ಮ ಟೇಬಲ್ಲಿಗೆ ಹಿಡಿಯೋದಿಲ್ಲ ಸಾರ್. ಮೆಷಿನ್ ಮಾತ್ರ ಕೊಡಿ. ಇಲ್ಲಾಂದ್ರೆ ಆ ಮಡಕೆಗಳನ್ನ ಸ್ವಲ್ಪ ಹತ್ತಿರ ಇಟ್ಟುಬಿಡಿ.'

ಸ್ವಲ್ಪ ಹತ್ತಿರ! ಎಷ್ಟು ಸಲೀಸು ನೋಡಿ. ಇಂಜಿನ್ನಿನ ರಿವೆಟ್ಟು ಒಂದು ಕೂದಲೆಳೆ ಜರುಗಿದ್ದರೆ ಅದೇ ಮನುಷ್ಯ ತಪ್ಪು ಹಿಡಿಯುತ್ತಿದ್ದ. ಗಡಿಗೆಯನ್ನು ಮೂರು ಅಡಿ ಜರುಗಿಸು ಅನ್ನುತ್ತಾನೆ. ಅವತ್ತು ಜರುಗಿಸಬೇಕಾಗಿದ್ದಾಗ ಯಾರೂ ಜರುಗಿಸಲಿಲ್ಲ. ಇವತ್ತು ಟೇಬಲ್ಲಿಗೆ ಹಿಡಿಯಲಿ ಅಂತ ಜರುಗಿಸಬೇಕು. 'ಅಳತೆ ತಪ್ಪುತ್ತೆ ಸ್ವಾಮಿ, ಆಗೋದಿಲ್ಲ' ಅಂದೆ. ಹೋದರು. ಮತ್ತೆ ಬರಲಿಲ್ಲ.

ನನ್ನ ಮಗಳು ಬೇರೆ ಮಾತು ಹೇಳಿದಳು. 'ತಾತನ್ನ ಡ್ರೈವರ್ ಸೀಟಿನ ಮೇಲೆ ಕೂರಿಸಪ್ಪ. ನೀನೇ ಮಾಡ್ತಿರೋದಲ್ವಾ, ಯಾರು ಕೇಳ್ತಾರೆ?' ಅವಳ ಮಾತಿನಲ್ಲಿ ಪ್ರೀತಿ ಇತ್ತು. ನನಗೂ ಆಸೆಯಾಯಿತು. ಒಂದು ರಾತ್ರಿ ಅಪ್ಪನ ಗೊಂಬೆಯನ್ನು ಎತ್ತಿ ಅಲ್ಲಿ ಕೂರಿಸಿಯೂ ನೋಡಿದೆ. ಚೆನ್ನಾಗಿ ಕಾಣುತ್ತಿದ್ದ. ಬೆಳಿಗ್ಗೆ ಇಳಿಸಿಬಿಟ್ಟೆ. ಅಪ್ಪ ಒಂದು ದಿನವೂ ಆ ಸೀಟಿನ ಮೇಲೆ ಕೂರಲಿಲ್ಲ. ಆಯುಧಪೂಜೆಯ ದಿನ ಆ ಇಂಜಿನ್ನಿಗೆ ಕುಂಬಳಕಾಯಿ ಒಡೆದಾಗ ಕೂಡ ವರ್ಷವೆಲ್ಲ ಅದಕ್ಕೆ ನೀರು ಕುಡಿಸಿದವನು ದೂರ ನಿಂತಿದ್ದ. ನಾನು ಇಂದು ಅವನನ್ನು ಮೇಲೆ ಕೂರಿಸಿದರೆ, ಅವನನ್ನು ಕೂರಿಸದೆ ಇದ್ದವರು ಪಾರಾಗಿಬಿಡುತ್ತಾರೆ. ಮಾದರಿ ಅಂದ ಮೇಲೆ ಅಳತೆ. ಅಳತೆಯಲ್ಲಿ ಕರುಣೆ ಬೆರೆಸಿದರೆ ಅದು ಆಟದ ಸಾಮಾನು. ಅಪ್ಪ ಈಗ ಇಂಜಿನ್ನಿನ ಮುಂದೆ ಕೆಂಪು ಬಟ್ಟೆ ಎತ್ತಿ ನಡೆಯುತ್ತಿದ್ದಾನೆ. ಅವನ ಎದುರಿಗೆ ಒಂದು ಕಮಾನು ಗಾಡಿ ನಿಂತಿದೆ. ಅದೂ ನಿಜವೇ.

ಗೊಂಬೆಗಳನ್ನು ಮೋಟಾರಿನ ತಾಮ್ರದ ತಂತಿ ಬಗ್ಗಿಸಿ, ಮೇಲೆ ಎಂ-ಸೀಲ್ ಮೆತ್ತಿ ಮಾಡುತ್ತೇನೆ. ಯಂತ್ರಕ್ಕಿಂತ ಕಷ್ಟ. ಕಲ್ಲು ಒಡೆಯುವ ಹೆಣ್ಣಾಳಿನ ಬೆನ್ನು ಎಷ್ಟು ಬಾಗಿರುತ್ತದೆ ಅನ್ನುವುದಕ್ಕೆ ಟೇಪು ಹಿಡಿಯಲಾಗುವುದಿಲ್ಲ. ಅವ್ವನನ್ನೇ ಕೂರಿಸಿ ನೋಡಿಕೊಂಡೆ. ಅವಳದು ಆಯಿತು, ನಾಲ್ಕೂಮುಕ್ಕಾಲು ಅಂಗುಲದವಳನ್ನು ಕೂರಿಸಿದ್ದೇನೆ. ಪಕ್ಕದಲ್ಲಿ ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿ. ಅದರೊಳಗಿದ್ದದ್ದು ನನ್ನ ತಂಗಿ.

ಮೊನ್ನೆ ಅವ್ವ ಹಲಗೆಯ ಮುಂದೆ ಕೂತು ಬೆರಳು ಮಡಿಸಿ ಎಣಿಸಿದಳು. ಎಣಿಸಿ ತಲೆ ಎತ್ತಿದಳು.

'ಇಷ್ಟೇಯಾ? ಅವತ್ತು ನಮ್ಮ ಕೇರಿಯೋರೆ ಇಪ್ಪತ್ತೆರಡು ಜನ ಇದ್ವಿ ಕನ್ಲಾ.'

ಒಬ್ಬೊಬ್ಬರದಾಗಿ ಹೇಳುತ್ತ ಹೋದಳು. ಯಾರು ಎಡಗೈಯಲ್ಲಿ ಸುತ್ತಿಗೆ ಹಿಡಿಯುತ್ತಿದ್ದರು, ಯಾರು ಬಸುರಿ, ಯಾರ ಕಾಲಿನ ಮೇಲೆ ಗಾಲಿ ಹತ್ತಿತು, ಯಾರು ಸಂಬಳದ ದಿನವೇ ಓಡಿಹೋದರು. ನಾನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಇಂಜಿನ್ನಿನ ಅಳತೆ ಬರೆದ ಅದೇ ಪುಸ್ತಕ.

ಹನ್ನೊಂದು ಆಗಿದೆ. ಹನ್ನೊಂದು ಬಾಕಿ. ಅವ್ವ ಇರುವಷ್ಟರಲ್ಲಿ ಮುಗಿಸಬೇಕು. ಸರಿಯೋ ತಪ್ಪೋ ಹೇಳುವವರು ಇನ್ನಾರೂ ಉಳಿದಿಲ್ಲ.